ಹವಳದ ಬನಕ್ಕೆ ಬಯಲುಸೀಮೆಯ ಅತಿಥಿ

ತಿಪಟೂರಿನಲ್ಲಿ ಮನೆಯಿಂದ ಕಾಲೇಜಿಗೆ ಹೋಗುವಾಗ ನಾನು ದಿನಕ್ಕೆ ಎರಡು ಬಾರಿಯಾದರೂ ದಾಟುವ ರಸ್ತೆಯೊಂದುಂಟು. ಅದಕ್ಕೆ ಬಿ.ಎಚ್. ರಸ್ತೆ ಎಂದು ಹೆಸರು. ಕೊಬ್ಬರಿ ಮಂಡಿಗಳೂ ಬಟ್ಟೆಯಂಗಡಿಗಳೂ ಹೋಟೆಲುಗಳೂ ಸಾಲುಗಟ್ಟಿ ನಿಂತ ಆ ಬೀದಿಯ ಎರಡು ಅಕ್ಷರಗಳನ್ನು ಬಿಡಿಸಿ ನೋಡುವ ಕುತೂಹಲ ನಮ್ಮೂರಿನವರಲ್ಲಿ ಬಹುಮಂದಿಗೆ ಉಳಿದಿಲ್ಲ. ಬಿ ಎಂದರೆ ಬೆಂಗಳೂರು. ಎಚ್ ಎಂದರೆ ಹೊನ್ನಾವರ. ಕೊಬ್ಬರಿಯ ಲಾರಿಗಳ ನಡುವೆ ನಾನು ಪ್ರಾಣಭಯದಿಂದ ದಾಟುವ ಆ ಡಾಂಬರು ಪಟ್ಟಿ ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳನ್ನು ಮಾತಾಡಿಸಿಕೊಂಡು, ಗೇರುಸೊಪ್ಪೆಯ ಘಟ್ಟವನ್ನು ಇಳಿದು, ಶರಾವತಿ ಸಮುದ್ರವನ್ನು ಸೇರುವ ಕಡೆಯಲ್ಲಿಯೇ ತಾನೂ ಹೋಗಿ ಸೇರುತ್ತದೆ. ನಮ್ಮ ಮನೆಯ ಮುಂದಿನ ದಾರಿ ಸಮುದ್ರಕ್ಕೆ ಹೋಗುತ್ತದೆ ಎಂಬ ಸಂಗತಿಯನ್ನು ನಾನು ತಿಳಿದಿದ್ದೆನೇ ಹೊರತು ಎಂದೂ ನಂಬಿರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಆ ದಾರಿಯ ತುದಿಯನ್ನು ನೋಡಿ ಬರುವ ಯೋಗ ಒದಗಿತು. ಅದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗ, ಬಿ.ಎ. ತರಗತಿಯಲ್ಲಿ ಕೊನೆಯ ಬೆಂಚಿನ ಕಿಟಕಿಯ ಪಕ್ಕದಲ್ಲಿ ಕೂರುತ್ತಿದ್ದವನು. ಪಂಪನ ವಿಷಯವಾಗಿ ನಾನು ಹೇಳಿದ್ದೆಲ್ಲ ಆ ಕಿಟಕಿಯಿಂದಲೇ ಹೊರಟುಹೋಯಿತೆಂದು ನನ್ನ ಅನುಮಾನ. ಅವನು ಈಗ ಮುರ್ಡೇಶ್ವರದಲ್ಲಿದ್ದಾನೆ. ಪ್ರವಾಸಿಗಳನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದು, ಕೈಹಿಡಿದು ಸಮುದ್ರದೊಳಕ್ಕೆ ಇಳಿಸಿ, ಹವಳವನ್ನೂ ಮೀನನ್ನೂ ತೋರಿಸಿ ಜೀವಸಹಿತ ಮೇಲಕ್ಕೆ ತರುವುದು ಅವನ ಉದ್ಯೋಗ. ಇದಕ್ಕೆ ಸ್ಕೂಬಾ ಎನ್ನುತ್ತಾರೆ. ಬೋರನಕಣಿವೆಯ ನೀರಿನಲ್ಲಿ ಈಜು ಕಲಿತ ಬಯಲುಸೀಮೆಯ ಹುಡುಗ ಅರಬ್ಬೀ ಸಮುದ್ರದ ತಳದಲ್ಲಿ ತನ್ನ ಅನ್ನವನ್ನು ಕಂಡುಕೊಂಡಿದ್ದ.

"ಸಾರ್, ಸುಮ್ನೆ ನೋಡ್ಕೊಂಡು ಹೋಗೋದಲ್ಲ. ಬಂದೋರಿಗೆ ಸ್ವಲ್ಪ ಕೆಲಸಾನೂ ಕೊಡ್ತೀವಿ. ಹವಳಕ್ಕೆ ಸಿಕ್ಕೊಂಡಿರೋ ಬಲೆ, ಪ್ಲಾಸ್ಟಿಕ್ಕು ತೆಗೆಯೋದು. ರಾತ್ರಿ ಆಮೆ ಕಾಯೋದು. ಬನ್ನಿ ಸಾರ್, ಅಮ್ಮಾವ್ರನ್ನೂ ಕರ್ಕೊಂಡು ಬನ್ನಿ," ಎಂದು ಫೋನಿನಲ್ಲಿ ಕರೆದ.

ರಜೆಗೆ ಹೋಗಿ ಕೆಲಸ ಮಾಡುವ ಈ ಪದ್ಧತಿ ನನಗೆ ಹೊಸದು. ಲೋಕಕ್ಕೆ ಅಷ್ಟು ಹೊಸದಲ್ಲವಂತೆ. ಮಾಲ್ಡೀವ್ಸಿನ ದ್ವೀಪಗಳಲ್ಲಿ ದೊಡ್ಡ ಬಾಡಿಗೆ ತೆತ್ತು ತಂಗುವ ಅತಿಥಿಗಳು ಮುರಿದ ಹವಳದ ತುಣುಕುಗಳನ್ನು ಕಬ್ಬಿಣದ ಚೌಕಟ್ಟುಗಳಿಗೆ ಕಟ್ಟಿ ನೀರಿಗೆ ಇಳಿಸುತ್ತಾರೆ. ಅದು ಬೆಳೆದಂತೆಲ್ಲ ಹೋಟೆಲಿನವರು ಅದರ ಛಾಯಾಚಿತ್ರ ತೆಗೆದು ಅತಿಥಿಯ ಊರಿಗೆ ಕಳುಹಿಸುತ್ತಾರೆ. ಬೇರೆ ಕಡೆಗಳಲ್ಲಿ ಕಡಲಾಮೆಯ ಗೂಡು ಕಾಯುವುದುಂಟು, ಮೀನಿನ ಎಣಿಕೆ ಮಾಡುವುದುಂಟು. ನಮ್ಮ ಕರಾವಳಿಯಲ್ಲಿ ಅಷ್ಟು ವೈಭವವಿಲ್ಲ. ನೇತ್ರಾಣಿಯಲ್ಲಿ ತಂಗಲು ಒಂದು ಚಪ್ಪರವೂ ಇಲ್ಲ. ಇಲ್ಲದಿರುವುದೇ ಅದರ ಪುಣ್ಯ.

ಹೊರಡುವ ಮೊದಲು ಊರಿಗೆ ಹೋಗಿ ತಂದೆಯವರಿಗೆ ಹೇಳಬೇಕಾಗಿತ್ತು. ನಮ್ಮೂರು ತುರುವೇಕೆರೆಯ ಬಳಿ. ತಂದೆಯವರು ಹಟ್ಟಿಯ ಮುಂದೆ ಕೂತು ಕಾಯಿ ಸುಲಿಸುತ್ತಿದ್ದರು. ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು.

"ಅಂದ್ರೆ, ದುಡ್ಡು ಕೊಟ್ಟು ಹೋಗಿ ಕೂಲಿ ಮಾಡ್ಬತ್ತೀಯ?"

"ಹಂಗೇ ಅನ್ಕೊಳಪ್ಪ."

"ನಮ್ ಕೆರೆ ಹೂಳು ಎತ್ತಕ್ಕೆ ಹಂಗೆ ದುಡ್ಡು ಕೊಟ್ಟು ಬರೋರು ಯಾರಾನಾ ಅವ್ರಾ, ಅಲ್ಲಿ ವಿಚಾರ್ಸು."

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಮ್ಮ ತೋಟದ ಕಥೆಯನ್ನು ಬಲ್ಲವರಿಗೆ ಆ ಪ್ರಶ್ನೆಯ ಭಾರ ತಿಳಿದೀತು. ೧೯೯೦ರ ದಶಕ ಮುಗಿಯುತ್ತ ಬಂದಾಗ ನುಸಿ ಬಂತು. ಕಣ್ಣಿಗೆ ಕಾಣದ ಹುಳು ಎಳನೀರಿನ ತೊಟ್ಟಿನ ಕೆಳಗೆ ಕೂತು ರಸ ಹೀರಿ, ಕಾಯನ್ನು ಸಿಪ್ಪೆಯೊಳಗೇ ಸುಕ್ಕಾಗಿಸಿತು. ಅದು ಹೇಗೋ ತಗ್ಗಿತೆನ್ನುವಷ್ಟರಲ್ಲಿ ಕಪ್ಪುತಲೆ ಹುಳು, ರಸ ಸೋರುವ ರೋಗ. ೨೦೧೨ರಿಂದ ಮುಂದೆ ಸಾಲಾಗಿ ಬಂದ ಬರಗಳಲ್ಲಿ ಕೆರೆ ಬತ್ತಿತು, ಬಾವಿ ಬತ್ತಿತು, ಕೊಳವೆಬಾವಿಗಳು ಒಂದರ ಹಿಂದೆ ಒಂದು ಗಾಳಿ ಕಾರಿದವು. ತೆಂಗಿನ ಮರ ಸಾಯುವುದನ್ನು ನೋಡಿದವರಿಗೆ ಗೊತ್ತು: ಅದು ಒಮ್ಮೆಗೇ ಬೀಳುವುದಿಲ್ಲ. ಮೊದಲು ಗರಿಗಳು ಹಳದಿಯಾಗಿ ಬೊಡ್ಡೆಗೆ ಒರಗುತ್ತವೆ, ಹೊಂಬಾಳೆ ಸಣ್ಣದಾಗುತ್ತದೆ, ಸುಳಿ ಬಾಡುತ್ತದೆ, ಒಂದು ದಿನ ತಲೆ ಕಳಚಿಬಿದ್ದು ಬರಿಯ ಬೊಡ್ಡೆ ಆಕಾಶದಲ್ಲಿ ನಿಲ್ಲುತ್ತದೆ. ನಮ್ಮ ತಂದೆಯವರು ತಾವೇ ನೀರು ಹೊತ್ತು ಸಾಕಿದ ಮರಗಳಲ್ಲಿ ಅರುವತ್ತಕ್ಕೂ ಹೆಚ್ಚನ್ನು ಹೀಗೆ ಕಳೆದುಕೊಂಡರು. ಉಳಿದದ್ದರಲ್ಲಿ ಬರುವ ಕಾಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ ಗಿಟಕು ಅಲ್ಲಾಡುವ ಸದ್ದು ಬಂದ ಮೇಲೆ ಒಡೆದು ಉಂಡೆ ಕೊಬ್ಬರಿ ಮಾಡುತ್ತಾರೆ. ಕಾಯುವುದು ಆ ಕಸುಬಿನವರಿಗೆ ಹೊಸದಲ್ಲ.

ಇನ್ನೊಂದು ಮಾತು. ನಾನು ಈಜು ಕಲಿತದ್ದು ಆ ತೋಟದ ಬಾವಿಯಲ್ಲಿ. ಸಿಪ್ಪೆಸಹಿತವಾದ ಎರಡು ಒಣ ತೆಂಗಿನಕಾಯಿಗಳನ್ನು ಹಗ್ಗದಿಂದ ಜೋಡಿಸಿ ಬೆನ್ನಿಗೆ ಕಟ್ಟಿ, ತಂದೆಯವರು ನನ್ನನ್ನು ಮೆಟ್ಟಿಲಿಂದ ನೂಕಿದ್ದರು. ತೆಂಗಿನಕಾಯಿ ಮುಳುಗದು, ಅದನ್ನು ಕಟ್ಟಿಕೊಂಡವನೂ ಮುಳುಗನು. ಮರದಿಂದ ಬಿದ್ದ ಕಾಯಿ ತೇಲಿ ಹೋಗಿ ಇನ್ನೊಂದು ದ್ವೀಪದ ಮರಳಿನಲ್ಲಿ ಮೊಳೆಯಲೆಂದೇ ಪ್ರಕೃತಿ ಅದಕ್ಕೆ ಆ ನಾರಿನ ಅಂಗಿಯನ್ನು ತೊಡಿಸಿದೆಯಂತೆ. ಸಮುದ್ರಯಾನಕ್ಕೆಂದು ಹೊಲಿದ ಅಂಗಿಯನ್ನು ನಾವು ಬಯಲುಸೀಮೆಯ ಬಾವಿಯಲ್ಲಿ ಬಳಸಿಕೊಂಡಿದ್ದೆವು. ನನ್ನ ಮಗನಿಗೆ ಈಗ ಹದಿನೈದು ವರ್ಷ. ಅವನಿಗೆ ಈಜು ಬಾರದು. ಅವನು ಕಲಿಯುವ ವಯಸ್ಸಿಗೆ ಬಂದಾಗ ಬಾವಿಯಲ್ಲಿ ನೀರಿರಲಿಲ್ಲ.

ವಿದ್ಯಾರ್ಥಿಗೆ ಕೊಡಲೆಂದು ಎರಡು ಕಿಲೋ ಉಂಡೆ ಕೊಬ್ಬರಿಯನ್ನೂ ಬೆಲ್ಲವನ್ನೂ ಕಟ್ಟಿಕೊಂಡು ಹೊರಟೆವು. ಮುರ್ಡೇಶ್ವರದಲ್ಲಿ ಇಳಿದು, ತಂಗುದಾಣದ ಸುತ್ತ ತೊನೆಯುತ್ತಿದ್ದ ತೆಂಗಿನ ಮರಗಳನ್ನು ನೋಡಿದಾಗ ನನ್ನ ಹೆಂಡತಿ ಚೀಲವನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿದಳು. ಆದರೆ ಅವನು ಅದನ್ನು ಬಿಚ್ಚಿ, ಒಂದು ಉಂಡೆಯನ್ನು ಕಿವಿಯ ಬಳಿ ಹಿಡಿದು, ಮೂಸಿ, "ನಮ್ಮನೆ ಅಟ್ಟದ ವಾಸನೆ ಸಾರ್," ಎಂದ. ಕರಾವಳಿಯ ಕೊಬ್ಬರಿ ಎಣ್ಣೆಗಾಗಿ ಹುಟ್ಟಿದ್ದು, ನಮ್ಮದು ತಿನ್ನುವುದಕ್ಕೆ ಹುಟ್ಟಿದ್ದು ಎಂಬ ಅಭಿಮಾನವನ್ನು ಅವನಿನ್ನೂ ಬಿಟ್ಟಿರಲಿಲ್ಲ.

ಮುರ್ಡೇಶ್ವರದ ದೊಡ್ಡ ಶಿವಮೂರ್ತಿಯನ್ನೂ ಅದಕ್ಕಿಂತ ಎತ್ತರದ ಗೋಪುರವನ್ನೂ ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನಾನು ದೋಣಿಗೆ ಹತ್ತುತ್ತೇನೆ.

ನೇತ್ರಾಣಿ ತೀರದಿಂದ ಸುಮಾರು ಹತ್ತು ನಾವಿಕ ಮೈಲಿ, ನಮ್ಮ ಲೆಕ್ಕದಲ್ಲಿ ಹದಿನೆಂಟು ಹತ್ತೊಂಬತ್ತು ಕಿಲೋಮೀಟರು. ಒಂದೂವರೆ ಗಂಟೆಯ ದಾರಿ. ಮೊದಲ ಅರ್ಧ ಗಂಟೆ ನಾನು ಸಮುದ್ರವನ್ನು ವರ್ಣಿಸುವ ಪದಗಳನ್ನು ನೆನಪು ಮಾಡಿಕೊಳ್ಳುತ್ತಿದ್ದೆ. ಅಬ್ಧಿ, ಅಂಬುಧಿ, ಕಡಲು, ಮುನ್ನೀರು. ಅನಂತರದ ಅರ್ಧ ಗಂಟೆ ಬೆಳಗಿನ ಉಪ್ಪಿಟ್ಟನ್ನು ನೆನಪು ಮಾಡಿಕೊಳ್ಳದಿರಲು ಯತ್ನಿಸುತ್ತಿದ್ದೆ. ದೋಣಿ ನಡೆಸುವವರು ಮೀನುಗಾರರ ಮನೆತನದವರು; ಐವತ್ತು ದಾಟಿದ ಹಿರಿಯರು. ನನ್ನ ಮುಖ ನೋಡಿ, "ದೂರ ನೋಡಿ ಮಾಸ್ತರ್ರೇ, ಹತ್ರ ನೋಡಬೇಡಿ," ಎಂದರು. ಅಷ್ಟು ಉಪಯುಕ್ತವಾದ ಬೋಧನೆಯನ್ನು ನಾನು ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಯಾರಿಗೂ ಮಾಡಿರಲಾರೆ.

ದೂರದಲ್ಲಿ ಕಂಡದ್ದು ಕಡಿದಾದ ಬಂಡೆಗಳ ಮೇಲೆ ಕಾಡು ಹೊತ್ತ ಗುಡ್ಡ. ಬ್ರಿಟಿಷರ ನಕ್ಷೆಗಳಲ್ಲಿ ಇದು ಪಾರಿವಾಳಗಳ ದ್ವೀಪ. ವಿಮಾನದಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆಂದು ಪ್ರವಾಸದ ಜಾಹೀರಾತುಗಳು ಹೇಳುತ್ತವೆ. ದೋಣಿಯಲ್ಲಿ ಕೂತವನಿಗೆ ಆ ಹೃದಯ ಕಾಣುವುದಿಲ್ಲ, ಬಂಡೆಯೇ ಕಾಣುತ್ತದೆ. ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಕಡ್ಡಿಗಳನ್ನು ಒಟ್ಟಿ ವರ್ಷವರ್ಷವೂ ಅದೇ ಗೂಡನ್ನು ದೊಡ್ಡದು ಮಾಡಿಕೊಂಡು ಬಾಳುತ್ತವೆ. ಗುಹೆಗಳಲ್ಲಿ ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುವ ಪುಟ್ಟ ಬಾನಾಡಿಗಳುಂಟು. ಮೀನುಗಾರರು ಹರಕೆಯೆಂದು ತಂದುಬಿಟ್ಟ ಆಡುಗಳ ಸಂತತಿ ಕಾಡಾಡುಗಳಾಗಿ ಬಂಡೆಯ ಮೇಲೆ ಅಲೆಯುತ್ತವೆ.

ಇದೇ ದ್ವೀಪವನ್ನು ನಮ್ಮ ನೌಕಾಪಡೆ ಬಹುಕಾಲ ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸಿತು. ಸಿಡಿಯದೆ ಉಳಿದ ಗುಂಡುಗಳು ಅಲ್ಲಲ್ಲಿ ಬಿದ್ದಿರಬಹುದಾದ್ದರಿಂದ ನೆಲದ ಮೇಲೆ ಕಾಲಿಡುವುದು ಅಪಾಯ. ಅಭ್ಯಾಸ ನಿಲ್ಲಬೇಕೆಂದು ಪರಿಸರದ ಕಾಳಜಿಯವರು ವರ್ಷಗಟ್ಟಲೆ ಒತ್ತಾಯ ಮಾಡಿದ್ದಾರೆ. ದೇಶರಕ್ಷಣೆಯ ವಿಷಯದಲ್ಲಿ ನನ್ನಂಥವನು ಮಾತಾಡುವುದು ಉಚಿತವಲ್ಲ. ಆದರೆ ದೋಣಿಯವರು ಹದ್ದಿನ ಗೂಡನ್ನು ತೋರಿಸಿ, "ಗುಂಡು ಹಾರ್ತಿತ್ತಲ್ಲ, ಆಗ್ಲೂ ಇವು ಬಿಟ್ಟು ಹೋಗ್ಲಿಲ್ಲ," ಎಂದಾಗ ನಾನು ಆ ಗೂಡನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ.

ದೋಣಿ ನಿಂತಿತು. ಲಂಗರು ಹಾಕಲಿಲ್ಲ, ಮೊದಲೇ ತೇಲಬಿಟ್ಟಿದ್ದ ಬುರುಡೆಯೊಂದಕ್ಕೆ ಹಗ್ಗ ಕಟ್ಟಿದರು. ಲಂಗರಿನ ಕಬ್ಬಿಣ ಒಮ್ಮೆ ಎಳೆದಾಡಿದರೆ ಹತ್ತಾರು ವರ್ಷದ ಹವಳ ಪುಡಿಯಾಗುತ್ತದೆ ಎಂದು ವಿದ್ಯಾರ್ಥಿ ವಿವರಿಸಿದ. ಆಮೇಲೆ ಪಾಠ ಶುರುವಾಯಿತು. ನಾನು ಬೆಂಚಿನಲ್ಲಿ, ಅವನು ಎದುರಿಗೆ. ಏನನ್ನೂ ಮುಟ್ಟಬಾರದು. ಕಾಲಿಗೆ ಕಟ್ಟಿದ ರೆಕ್ಕೆಯನ್ನು ನಿಧಾನವಾಗಿ ಆಡಿಸಬೇಕು. ಉಸಿರು ಕಟ್ಟಬಾರದು. ಕಿವಿ ನೋಯತೊಡಗಿದರೆ ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಬೇಕು. ಎಲ್ಲ ಸರಿ ಎನ್ನಲು ಹೆಬ್ಬೆರಳು ಮೇಲೆತ್ತಬಾರದು, ಅದಕ್ಕೆ ಮೇಲಕ್ಕೆ ಹೋಗೋಣ ಎಂದರ್ಥ. ತೋರುಬೆರಳು ಹೆಬ್ಬೆರಳು ಸೇರಿಸಿ ಸೊನ್ನೆ ಮಾಡಬೇಕು. "ಮಾತಿಲ್ಲ ಸಾರ್, ಒಳಗೆ," ಎಂದು ನಕ್ಕ. ಬದುಕೆಲ್ಲ ಮಾತು ಮಾರಿ ಉಂಡವನಿಗೆ ಇದಕ್ಕಿಂತ ಕಠಿಣವಾದ ಕಟ್ಟಳೆ ಯಾವುದು?

ನೀರೊಳಗೆ ಕಂಡದ್ದನ್ನು ಹೇಳಲು ಹೊರಟರೆ ಪುರವಣಿಯ ಪುಟ ಸಾಲದು. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲುಗಳಿಂದ ಹವಳವನ್ನು ಕಡಿಯುವ ಕರಕರ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದು ಕಡಿದ ಸುಣ್ಣ ಅದರ ಹೊಟ್ಟೆಯಲ್ಲಿ ನುರಿದು ಬಿಳಿಯ ಮರಳಾಗಿ ಹೊರಬೀಳುತ್ತದೆ. ಕವಿಗಳು ಹಾಡಿದ ಹವಳದ ದ್ವೀಪಗಳ ಬೆಳ್ಳನೆಯ ಮರಳಿನಲ್ಲಿ ಬಹುಪಾಲು ಈ ಮೀನುಗಳ ವಿಸರ್ಜನೆ ಎಂದು ತಿಳಿದಾಗ ಕಾವ್ಯಮೀಮಾಂಸೆಯವರು ಏನು ಹೇಳುವರೋ. ನಮ್ಮ ಹವಳ ಎಂಬ ಮಾತು ಸಂಸ್ಕೃತದ ಪ್ರವಾಳಕ್ಕೆ ನೆಂಟು. ಪ್ರವಾಳವೆಂದರೆ ಚಿಗುರು ಎಂದೂ ಅರ್ಥವಿದೆ. ಹಿಂದಿನವರು ಅದನ್ನು ರತ್ನಗಳ ಸಾಲಿನಲ್ಲಿ ಇಟ್ಟರು; ನಡುವೆ ಗಿಡವೆಂದು ಭ್ರಮಿಸಿದವರೂ ಉಂಟು. ನಿಜದಲ್ಲಿ ಅದು ಪ್ರಾಣಿ. ಒಂದೊಂದು ಹವಳದ ಕೊಂಬೆಯೂ ಸಾವಿರಾರು ಸಣ್ಣ ಜೀವಿಗಳ ಕೇರಿ. ಅವು ಹಗಲಿನ ಬಿಸಿಲನ್ನು ಉಣ್ಣುವ ಪಾಚಿಯೊಂದನ್ನು ತಮ್ಮ ಮೈಯೊಳಗೇ ಬಾಡಿಗೆಗಿಟ್ಟುಕೊಂಡಿವೆ. ಪಾಚಿ ಬಾಡಿಗೆಗೆ ಸಕ್ಕರೆಯನ್ನು ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಸಮುದ್ರದ ನೀರು ಬೇಸಗೆಯ ತನ್ನ ವಾಡಿಕೆಯ ಬಿಸಿಗಿಂತ ಒಂದು ಡಿಗ್ರಿ ಹೆಚ್ಚು ಕಾದು, ಕೆಲವು ವಾರ ಹಾಗೆಯೇ ಉಳಿದರೆ ಈ ಸಂಸಾರ ಒಡೆಯುತ್ತದೆ. ಹವಳ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಂಡೀತು. ಇಲ್ಲವಾದರೆ ಉಪವಾಸದಿಂದ ಸಾಯುತ್ತದೆ. ೧೯೯೮, ೨೦೧೦, ೨೦೧೬ರಲ್ಲಿ ಲೋಕದ ಸಮುದ್ರಗಳಲ್ಲಿ ಹೀಗಾಯಿತು. ನಾಲ್ಕನೆಯ ಬಾರಿ ಇದು ಲೋಕವ್ಯಾಪಿಯಾಗಿದೆಯೆಂದು ವಿಜ್ಞಾನಿಗಳು ೨೦೨೪ರ ಏಪ್ರಿಲಿನಲ್ಲಿ ಸಾರಿದರು. ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ೧೯೯೮ರಿಂದ ೨೦೨೨ರವರೆಗೆ ನಡೆದ ಅಳತೆಯಲ್ಲಿ ಜೀವಂತ ಹವಳದ ಹರಹು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ನೀರೊಳಗೆ ಅಲ್ಲಲ್ಲಿ ಬೆಳ್ಳಗೆ ನಿಂತ ಕೊಂಬೆಗಳನ್ನು ಕಂಡಾಗ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ತೋಟದ ಬೊಡ್ಡೆಗಳು ಹಾಗೆಯೇ ನಿಂತಿದ್ದವು.

ಈಗ ನನ್ನ ಅಪರಾಧವನ್ನು ಹೇಳಬೇಕು.

ನಮಗೆ ಕೊಟ್ಟ ಕೆಲಸ ಸುಲಭವಾದದ್ದು. ಬಂಡೆಗೆ ಸುತ್ತಿಕೊಂಡ ಬಲೆಯ ತುಂಡನ್ನು ವಿದ್ಯಾರ್ಥಿಯೂ ಅವನ ಜತೆಗಾರನೂ ಕತ್ತರಿಯಿಂದ ಬಿಡಿಸುತ್ತಾರೆ. ನಾನು ಜಾಲರಿ ಚೀಲದ ಬಾಯಿ ಹಿಡಿದುಕೊಂಡಿರಬೇಕು. ಊರಿನಲ್ಲಿ ಕಾಯಿ ತುಂಬುವಾಗ ಗೋಣಿಚೀಲದ ಬಾಯಿ ಹಿಡಿದು ಅನುಭವವಿದ್ದವನಿಗೆ ಇದೇನು ದೊಡ್ಡದು! ಆದರೆ ನನ್ನ ಮೂಗಿನ ಗಾಜಿನೊಳಗೆ ಸ್ವಲ್ಪ ನೀರು ಬಂತು. ನೀರು ಬಂದರೆ ಏನು ಮಾಡಬೇಕೆಂದು ಪಾಠದಲ್ಲಿ ಹೇಳಿದ್ದರು, ನೆನಪಿಗೆ ಬರಲಿಲ್ಲ. ಗಾಬರಿಯಲ್ಲಿ ಕೈ ತಾನಾಗಿ ಆಧಾರವನ್ನು ಹುಡುಕಿತು. ಹಿಡಿದದ್ದು ಹವಳದ ಒಂದು ಕವಲು. ಅದು ಮುರಿಯಿತು. ಒಣ ಸುಳಿ ಮುರಿದಂಥ ಸಣ್ಣ ಸದ್ದು; ಸದ್ದನ್ನು ಕೇಳಿದೆನೋ ಬೆರಳಿನಲ್ಲಿ ಅರಿತೆನೋ ಹೇಳಲಾರೆ. ವಿದ್ಯಾರ್ಥಿ ಬಂದು ನನ್ನ ಮುಂಗೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಉಸಿರಾಡಿ ಎಂದು ಕೈಯಾಡಿಸಿದ. ನಾನು ಉಸಿರಾಡಿದೆ. ನನ್ನ ಅಂಗೈಯಲ್ಲಿದ್ದ ತುಂಡನ್ನು ಅವನು ತೆಗೆದುಕೊಂಡು ಬಂಡೆಯ ಬಿರುಕೊಂದರಲ್ಲಿ ಮೆಲ್ಲನೆ ನೆಟ್ಟ ಹಾಗೆ ಇರಿಸಿದ.

ಬೆರಳುದ್ದದ ತುಂಡು. ಬೇಗ ಬೆಳೆಯುವ ಕವಲಿನ ಹವಳಗಳು ವರ್ಷಕ್ಕೆ ಕೆಲವು ಸೆಂಟಿಮೀಟರು ಬೆಳೆಯುತ್ತವೆ. ಗುಂಡುಕಲ್ಲಿನಂಥವು ಒಂದು ಸೆಂಟಿಮೀಟರೂ ಬೆಳೆಯವು. ಬಂಡೆ ಕಟ್ಟುವ ಹವಳಗಳನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದರು. ಹುಲಿಯಿರುವ ಪಟ್ಟಿ ಅದು. ಸಮುದ್ರವನ್ನು ರಕ್ಷಿಸಲೆಂದು ಹಣ ತೆತ್ತು ಬಂದ ಕನ್ನಡ ಅಧ್ಯಾಪಕ ಹುಲಿಯ ಪಂಕ್ತಿಯ ಜೀವಿಯೊಂದಕ್ಕೆ ಅರ್ಧ ಗಂಟೆಯೊಳಗೆ ಗಾಯ ಮಾಡಿದ್ದ.

ಮೇಲೆ ಬಂದು ದೋಣಿಯಲ್ಲಿ ಕೂತ ಮೇಲೆ ಯಾರೂ ಆ ಮಾತೆತ್ತಲಿಲ್ಲ. ನಾನೇ ಎತ್ತಬೇಕಾಯಿತು.

"ನಾನು ಬರದಿದ್ದರೆ ಅದು ಇರುತ್ತಿತ್ತಲ್ಲಪ್ಪ."

"ಇರ್ತಿತ್ತು ಸಾರ್," ಎಂದ. ಅವನು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಲಿಲ್ಲವೆಂಬುದನ್ನು ನಾನು ಮೆಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ, "ವಾರಕ್ಕೆ ಒಬ್ರಾದ್ರೂ ಮುರೀತಾರೆ. ಅದಕ್ಕೇ ಈಜು ಬರದೋರನ್ನ ಹವಳ ಜಾಸ್ತಿ ಇರೋ ಕಡೆ ಬಿಡಬಾರದು ಅಂತ ನಾವು ನಾವೇ ಜಗಳ ಆಡ್ತೀವಿ. ಬಿಡದೇ ಇದ್ರೆ ಜನ ಬರಲ್ಲ. ಜನ ಬರದೇ ಇದ್ರೆ ಇವ್ರು," ಎಂದು ದೋಣಿಯ ಹಿರಿಯರತ್ತ ನೋಡಿ, "ಇವ್ರು ಮತ್ತೆ ಬಲೆ ತಗೊಂಡು ಇದೇ ಬಂಡೆಗೆ ಬರಬೇಕು," ಎಂದ.

ಹಿರಿಯರು ನಕ್ಕರು. ಚೀಲದಿಂದ ಸುರಿದ ಬಲೆಯ ತುಂಡುಗಳನ್ನು ಕಾಲಿನಿಂದ ಸರಿಸುತ್ತ ಅವರು ಹೇಳಿದ ಮಾತುಗಳಲ್ಲಿ ಈ ತೀರದ ಐವತ್ತು ವರ್ಷಗಳ ಚರಿತ್ರೆಯಿತ್ತು. ಅವರ ತಂದೆಯ ಕಾಲದಲ್ಲಿ ಇಲ್ಲಿ ರಂಪಣಿ. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ಸಿಕ್ಕಿದ್ದರಲ್ಲಿ ಎಳೆದವರೆಲ್ಲರಿಗೂ ಪಾಲು. ಬಲೆ ನೂಲಿನದು, ಹಗ್ಗ ತೆಂಗಿನ ನಾರಿನದು. ಹರಿದು ಸಮುದ್ರದಲ್ಲಿ ಉಳಿದುಬಿಟ್ಟರೂ ಕೆಲವು ಕಾಲದಲ್ಲಿ ಕೊಳೆತು ಮಣ್ಣಾಗುತ್ತಿತ್ತು. ೧೯೭೦ರ ದಶಕದ ನಡುವೆ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂತು, ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಳಿದುಕೊಂಡಿತು, ರಂಪಣಿಯವರಿಗೂ ಯಂತ್ರದವರಿಗೂ ದೊಡ್ಡ ಜಗಳಗಳಾದವು, ರಂಪಣಿ ಸೋತಿತು. ನೂಲು ನೈಲಾನ್ ಆಯಿತು. ನೈಲಾನಿಗೆ ಸಾವಿಲ್ಲ. ಹರಿದ ಬಲೆ ಒಡೆಯನಿಲ್ಲದೆಯೂ ಮೀನು ಹಿಡಿಯುತ್ತ, ಹಿಡಿದದ್ದನ್ನು ಕೊಳೆಯಿಸುತ್ತ, ಹವಳಕ್ಕೆ ಬಿಸಿಲು ಬಾರದಂತೆ ಮುಸುಕು ಹಾಕಿ ವರ್ಷಗಟ್ಟಲೆ ಕೂರುತ್ತದೆ.

ತೆಂಗಿನ ನಾರಿನ ಮಾತು ಬಂದದ್ದರಿಂದ ನನ್ನ ಮನಸ್ಸು ಇನ್ನೂ ಪಶ್ಚಿಮಕ್ಕೆ ಹೋಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನದಿವಿ ದ್ವೀಪಗಳು ೧೯೫೬ರ ನವೆಂಬರ್ ೧ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದನ್ನು ನಾವು ಮರೆತಿದ್ದೇವೆ. ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಡಳಿತಕ್ಕೆ ಬೇಸತ್ತ ಆ ದ್ವೀಪದವರು ೧೭೮೭ರಲ್ಲಿ ಟಿಪ್ಪೂ ಸುಲ್ತಾನನ ಮೊರೆಹೊಕ್ಕರು; ೧೭೯೯ರ ಅನಂತರ ಅವು ಕಂಪನಿಯ ಕೈಸೇರಿ ಮಂಗಳೂರಿನ ಕಲೆಕ್ಟರನ ಅಧೀನಕ್ಕೆ ಬಂದವು. ದ್ವೀಪದವರು ನಾರಿನ ಹುರಿಯನ್ನು ಓಡಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುವರು. ಸರ್ಕಾರ ಅದನ್ನು ತಾನೇ ಕೊಂಡು, ಬದಲಿಗೆ ಅಕ್ಕಿ ಕೊಡುವುದು. ಹೊಸ ರಾಜ್ಯಗಳು ಹುಟ್ಟಿದ ಅದೇ ದಿನ ಆ ದ್ವೀಪಗಳು ನಮ್ಮ ನಕ್ಷೆಯಿಂದ ಜಾರಿದವು. ಕರ್ನಾಟಕಕ್ಕೆ ಉಳಿದದ್ದು ದಡದಿಂದ ಕಾಣುವ ಕೆಲವು ಗುಡ್ಡಗಳು. ಅವುಗಳಲ್ಲಿ ಮಲ್ಪೆಯ ಎದುರಿಗಿರುವ ಒಂದರ ಹೆಸರು ತೆಂಗಿನ ದ್ವೀಪ.

ಆ ದಿನ ನಾವು ಮೇಲೆ ತಂದ ಬಲೆ, ದಾರ, ಪ್ಲಾಸ್ಟಿಕ್ಕುಗಳನ್ನೆಲ್ಲ ದಡದಲ್ಲಿ ತೂಗಿದರು. ಹನ್ನೊಂದು ಕಿಲೋ. ನನ್ನ ಮಗ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಬೆರಳುದ್ದದ ಹವಳವನ್ನು ಎಲ್ಲಿ ಬರೆಯಬೇಕೆಂದು ಅವನು ಕೇಳಲಿಲ್ಲ, ಬರೆದಿರಬಹುದು.

ಮರುದಿನ ಸಂಜೆ ಹೊನ್ನಾವರದ ಕಡೆಯ ಕಡಲತೀರಕ್ಕೆ ಹೋದೆವು. ಕಡಲಾಮೆಗಳಲ್ಲಿ ಆಲಿವ್ ರಿಡ್ಲೆ ಎಂಬುದು ಸಣ್ಣ ಜಾತಿ. ಸಣ್ಣದೆಂದರೂ ನಲವತ್ತು ಕಿಲೋ ತೂಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಹೆಣ್ಣಾಮೆ ತಾನು ಹುಟ್ಟಿದ ತೀರದ ಪ್ರಾಂತಕ್ಕೇ ಮರಳಿ ಬಂದು, ಹಿಂಗಾಲುಗಳಿಂದ ಕೊಡದ ಆಕಾರದ ಗುಣಿ ತೋಡಿ, ನೂರಕ್ಕೂ ಮಿಕ್ಕು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಅದರ ಮೇಲೆ ಮೈಯಿಂದ ಬಡಿದು ಸಮಮಾಡಿ, ಹಿಂದಿರುಗಿ ನೋಡದೆ ಹೋಗಿಬಿಡುತ್ತದೆ. ಕಾವು ಕೊಡುವುದು ಮರಳು. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣು, ತಣ್ಣಗಿದ್ದರೆ ಗಂಡು. ಲೋಕ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಗಂಡಾಮೆಗಳು ಎಲ್ಲಿ ಸಿಕ್ಕಾವು ಎಂಬ ಚಿಂತೆ ಬಲ್ಲವರಿಗೆ ಹುಟ್ಟಿದೆ. ಒಂದು ಕಾಲಕ್ಕೆ ಇಲ್ಲಿನವರು ಮೊಟ್ಟೆ ಅಗೆದು ತಿನ್ನುತ್ತಿದ್ದರು, ಮಾರುತ್ತಿದ್ದರು. ಈಗ ಗೂಡು ಕಂಡವರೇ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಗೂಡಿನ ಸುತ್ತ ಬಲೆಯ ಬೇಲಿ ಹಾಕಿ ನಾಯಿ ನರಿಗಳಿಂದ ಕಾಯುತ್ತಾರೆ. ಬಲೆ ಕಾಯುವುದಕ್ಕೂ ಬಂದೀತೆಂಬುದು ನನಗೆ ಅಲ್ಲಿ ತಿಳಿಯಿತು.

ಅಲ್ಲಿಗೆ ಹತ್ತಿರದ ಕಾಸರಕೋಡಿನಲ್ಲಿ ಎರಡು ನೋಟಗಳಿವೆ. ಒಂದು ಕಡೆ ೨೦೨೦ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ಪಡೆದ ಅಚ್ಚುಕಟ್ಟಾದ ತೀರ. ಇನ್ನೊಂದು ಕಡೆ, ಟೊಂಕದಲ್ಲಿ, ಖಾಸಗಿ ಬಂದರು ಬೇಡವೆಂದು ವರ್ಷಗಳಿಂದ ಹೋರಾಡಿದ ಮೀನುಗಾರರ ಕೇರಿಗಳು. ಇದು ಆಮೆ ಮೊಟ್ಟೆಯಿಡುವ ನೆಲ ಎಂಬುದು ಅವರ ವಾದಗಳಲ್ಲಿ ಒಂದು. ಆಮೆಯ ಮೊಟ್ಟೆ ತಿನ್ನುತ್ತಿದ್ದವರೆಂದು ನಾವು ಸುಲಭವಾಗಿ ಹಳಿಯುವ ಜನವೇ ಇಂದು ಆಮೆಯ ಹೆಸರು ಹೇಳಿಕೊಂಡು ತಮ್ಮ ನೆಲದಲ್ಲಿ ನಿಲ್ಲುವ ಹಕ್ಕನ್ನು ಕೇಳಬೇಕಾಗಿದೆ. ಇಂಥ ಕಡೆ ಎರಡು ರಾತ್ರಿ ಕಳೆದು ಹೋಗುವ ಅತಿಥಿಯ ಸೇವೆಯನ್ನು ದೊಡ್ಡದೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ರಾತ್ರಿ ಹನ್ನೊಂದರಿಂದ ಮೂರರವರೆಗೆ ನಡೆದೆವು. ದೀಪ ಹಚ್ಚುವಂತಿಲ್ಲ, ಫೋನು ತೆಗೆಯುವಂತಿಲ್ಲ. ಆಮೆ ಬರಲಿಲ್ಲ. ಮೂರು ಗಂಟೆಯ ಸುಮಾರಿಗೆ ನನ್ನ ಹೆಂಡತಿ ಮರಳಿನ ಮೇಲೆ ಕೂತು, "ನಮ್ಮ ಮಾವನೋರು ಅಟ್ಟದ ಕಾಯಿ ಕಾಯೋದು ಇದಕ್ಕಿಂತ ವಾಸಿ, ಅದು ಅಲ್ಲೇ ಇರುತ್ತೆ," ಎಂದಳು. ಕಾವಲಿನ ಹುಡುಗರು ನಕ್ಕರು. ಅವರಲ್ಲಿ ಒಬ್ಬನು ಆ ಋತುವಿನಲ್ಲಿ ಒಂದು ರಾತ್ರಿಯೂ ತಪ್ಪದೆ ನಡೆದವನು.

ಬೆಳಕು ಹರಿಯುವ ಮೊದಲು ಕರೆ ಬಂತು. ಡಿಸೆಂಬರಿನಲ್ಲಿ ಬೇಲಿ ಹಾಕಿದ್ದ ಗೂಡೊಂದರ ನಡುವೆ ಮರಳು ಕುಸಿದು ಬಟ್ಟಲಿನಂತಾಗಿತ್ತು. ನೋಡುತ್ತಿದ್ದಂತೆ ಆ ಬಟ್ಟಲು ಕುದಿಯಿತು. ಅಂಗೈಯಗಲವೂ ಇಲ್ಲದ ಕಪ್ಪು ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಬೇಲಿ ತೆಗೆದರು. ಮರಿಗಳಿಗೂ ನೀರಿಗೂ ನಡುವೆ ಇಪ್ಪತ್ತು ಮಾರು ಮರಳು. ಕೈಯಿಂದ ಎತ್ತಿ ಬಿಡಬಾರದು. ಅವೇ ನಡೆದು ಹೋಗಬೇಕು. ನಮ್ಮ ಕೆಲಸ ಎರಡು ಸಾಲಾಗಿ ನಿಂತು ಕಾಗೆ, ಹದ್ದು, ನಾಯಿಗಳನ್ನು ತಡೆಯುವುದು. ಏಡಿಯ ಬಿಲಗಳನ್ನು ನನ್ನ ಮಗ ಕಾಲಿನಿಂದ ಮುಚ್ಚುತ್ತ ಹೋದ. ಒಂದು ಮರಿ ನನ್ನ ಹೆಜ್ಜೆಯ ಗುರುತಿನ ಹಳ್ಳದಲ್ಲಿ ಬಿದ್ದು ಹೊರಬರಲಾರದೆ ಒದ್ದಾಡಿತು. ಹಿಂದಿನ ದಿನದ ನೆನಪಿನಿಂದ ನಾನು ಕೈ ಚಾಚಲಿಲ್ಲ. ಕಾವಲಿನ ಹುಡುಗನು ಬಂದು ಮುಂದಿನ ಅಂಚಿನ ಮರಳನ್ನು ಬೆರಳಿನಿಂದ ಸ್ವಲ್ಪ ತಗ್ಗಿಸಿದ. ಅದು ಹತ್ತಿ ನಡೆಯಿತು. ನೀರಿನ ಮೊದಲ ನಾಲಗೆ ಅದನ್ನು ಹಿಂದಕ್ಕೆ ಎಸೆಯಿತು, ಎರಡನೆಯದೂ ಎಸೆಯಿತು, ಮೂರನೆಯದು ಒಯ್ದಿತು.

ತೊಂಬತ್ತೆರಡು ಮರಿಗಳು. ಮಗ ಎಣಿಸಿದ್ದ.

ಊರಿಗೆ ಮರಳಿದ ಮೇಲೆ ತಂದೆಯವರ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ಅದಕ್ಕೆ ಹೇಳುವ ಉತ್ತರವೂ ಸಿಕ್ಕಿರಲಿಲ್ಲ. ಹೇಮಾವತಿಯ ನಾಲೆಯಿಂದ ಈಚಿನ ವರ್ಷಗಳಲ್ಲಿ ನಮ್ಮ ಕೆರೆಗೆ ನೀರು ಬರುತ್ತಿದೆ. ಬಂದ ನೀರು ಜಾಲಿಯ ಪೊದೆ ಮತ್ತು ಹೂಳಿನ ಮೇಲೆ ಮೊಣಕಾಲುದ್ದ ನಿಂತು ಹೋಗುತ್ತದೆ. ಅವರು ಸತ್ತ ಮರಗಳ ಜಾಗದಲ್ಲಿ ಗುಣಿ ತೆಗೆಸಿ ಹೊಸ ಸಸಿ ಇಡಿಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಫಲ ಕಾಣಲು ಏಳೆಂಟು ವರ್ಷ ಬೇಕಾದ ಮರ.

ಮಗ ತಾತನ ಪಕ್ಕದಲ್ಲಿ ಕೂತು ಆಮೆಯ ಕಥೆಯನ್ನೆಲ್ಲ ಹೇಳಿದ. ಹವಳ ಮುರಿದದ್ದನ್ನೂ ಹೇಳಿದ. ತಂದೆಯವರು ನನ್ನ ಕಡೆ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ಗುಣಿಯ ಅಂಚನ್ನು ಕೈಯಿಂದ ಸರಿಮಾಡುತ್ತ, "ತೊಂಬತ್ತೆರಡು ಮರೀಲಿ ಎಷ್ಟು ಉಳೀತಾವಂತೆ?" ಎಂದು ಮೊಮ್ಮಗನನ್ನು ಕೇಳಿದರು.

"ಸಾವಿರಕ್ಕೆ ಒಂದು ಅಂತಾರೆ ತಾತ."

"ಹಂಗಾದ್ರೆ ಆ ಹುಡುಗ್ರು ಇನ್ನೂ ಭಾಳ ರಾತ್ರಿ ನಡೀಬೇಕು," ಎಂದು, ಸಸಿಯ ಬುಡಕ್ಕೆ ಒಂದು ಕೊಡ ನೀರು ತರಲು ಅವನನ್ನು ಕಳುಹಿಸಿದರು.